ರಾಮನಾಮಧೇಯರ ರಾಜಧಾನಿಯಲ್ಲಿ

ಬ್ಯಾಂಕಾಕಿಗೆ ಒಬ್ಬನೇ ಹೊರಟಿದ್ದೇನೆಂದು ಹೇಳಿದರೆ ನಮ್ಮ ಕಡೆಯ ಗೃಹಸ್ಥರ ತುಟಿಯಂಚಿನಲ್ಲಿ ಒಂದು ವಿಲಕ್ಷಣವಾದ ನಗೆ ಸುಳಿಯುವುದುಂಟು. ಕಾಶಿಗೆ ಒಬ್ಬನೇ ಹೋಗುವವನು ಪುಣ್ಯವಂತ, ಲಂಡನ್ನಿಗೆ ಒಬ್ಬನೇ ಹೋಗುವವನು ವಿದ್ಯಾವಂತ, ಬ್ಯಾಂಕಾಕಿಗೆ ಒಬ್ಬನೇ ಹೋಗುವವನು ಮಾತ್ರ ಮನೆಯವರಿಂದ ಏನನ್ನೋ ಮರೆಮಾಚುತ್ತಿರುವವನು ಎಂಬ ತೀರ್ಪು ನಮ್ಮಲ್ಲಿ ವಿಚಾರಣೆಯೇ ಇಲ್ಲದೆ ಹೊರಬಿದ್ದುಬಿಟ್ಟಿದೆ. ಈ ಅಪಖ್ಯಾತಿ ತೀರ ನಿರ್ಮೂಲವಾದುದೇನೂ ಅಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿಶ್ರಾಂತಿಗೆಂದು ಅಲ್ಲಿಗೆ ಬಂದಿಳಿಯುತ್ತಿದ್ದ ಅಮೆರಿಕದ ಸೈನಿಕರ ವಿನೋದಕ್ಕಾಗಿ ಬೆಳೆದುನಿಂತ ಕೆಲವು ಬೀದಿಗಳು, ಸೈನಿಕರು ತಮ್ಮ ದೇಶಕ್ಕೆ ಹಿಂದಿರುಗಿದ ತರುವಾಯವೂ ದೀಪವಾರಿಸಲಿಲ್ಲ. ಆದರೆ 1782ರಲ್ಲಿ ಸ್ಥಾಪಿತವಾಗಿ, ಒಂದೇ ರಾಜವಂಶದ ಹತ್ತು ಮಂದಿ ಅರಸರನ್ನು ಅನುಕ್ರಮವಾಗಿ ಕಂಡು, ನೆರೆಹೊರೆಯ ರಾಜ್ಯಗಳೆಲ್ಲ ಯೂರೋಪಿನವರ ವಸಾಹತುಗಳಾಗುತ್ತಿದ್ದಾಗಲೂ ಸ್ವತಂತ್ರವಾಗಿ ಉಳಿದುಕೊಂಡ ರಾಜಧಾನಿಯೊಂದನ್ನು ಅದರ ಮೂರು ನಾಲ್ಕು ಬೀದಿಗಳಿಂದ ಅಳೆಯಹೊರಡುವುದು, ಹಿತ್ತಲ ಚರಂಡಿಯನ್ನು ಇಣುಕಿ ನೋಡಿ ಮನೆಯ ಯೋಗ್ಯತೆಯನ್ನು ನಿರ್ಣಯಿಸಿದಂತೆಯೇ ಸರಿ.

ಒಬ್ಬನೇ ಹೋದುದಕ್ಕೆ ನನಗೆ ನನ್ನದೇ ಆದ ಕಾರಣವಿತ್ತು. ತಂಡದೊಡನೆ ಹೋಗುವ ನಮ್ಮವರು ತಮ್ಮ ಊರನ್ನೂ ಜತೆಯಲ್ಲಿಯೇ ಹೊತ್ತುಕೊಂಡು ಹೋಗುತ್ತಾರೆ. ಬೆಳಗ್ಗೆ ಉಪ್ಪಿಟ್ಟು, ಬಸ್ಸಿನಲ್ಲಿ ಅಂತ್ಯಾಕ್ಷರಿ, ರಾತ್ರಿ ಮೊಸರನ್ನ, ನಡುವೆ ಸಿಕ್ಕಷ್ಟು ಪರದೇಶ. ಇದನ್ನು ಹೀಯಾಳಿಸುವ ಅಧಿಕಾರ ನನಗಿಲ್ಲ, ವಯಸ್ಸಾದ ತಂದೆತಾಯಿಗಳನ್ನು ಕರೆದುಕೊಂಡು ಹೋಗುವವರಿಗೆ ಅದೇ ಉಚಿತವಾದ ಕ್ರಮ. ಆದರೆ ಅಪರಿಚಿತ ನಗರವೊಂದರ ಮೊದಲ ನೋಟದ ಸುಖವನ್ನು ಬಯಸುವವನಿಗೆ, ಕಂಡದ್ದನ್ನು ತಕ್ಷಣವೇ ಪಕ್ಕದವರಿಗೆ ಹೇಳಿಬಿಡುವ ಅವಕಾಶವಿರಕೂಡದು. ಹೇಳಿದ ಕ್ಷಣದಲ್ಲಿಯೇ ನೋಟ ಮುಗಿದುಹೋಗುತ್ತದೆ. ಅಲ್ಲದೆ ಏಕಾಕಿಯಾಗಿ ಉಣ್ಣುವವನನ್ನು ನಮ್ಮ ಹೋಟೆಲುಗಳಲ್ಲಿ ಮಾಣಿಯಿಂದ ಹಿಡಿದು ಎದುರು ಮೇಜಿನ ಕುಟುಂಬದವರೆಗೆ ಎಲ್ಲರೂ ಕನಿಕರದಿಂದ ನೋಡುವ ಪದ್ಧತಿಯಿದ್ದರೆ, ಬ್ಯಾಂಕಾಕಿನ ಬೀದಿಬದಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಳಿತು ಒಂದೊಂದು ಬಟ್ಟಲನ್ನು ಮುಂದಿಟ್ಟುಕೊಂಡಿರುವವರಲ್ಲಿ ಬಹುಮಂದಿ ಒಬ್ಬಂಟಿಗಳೇ ಆಗಿರುತ್ತಾರೆ. ಅಲ್ಲಿ ಯಾರೂ ಯಾರನ್ನೂ ಗಮನಿಸುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಶರನ್ನವರಾತ್ರಿಯ ಕಾಲ. ನಮ್ಮಲ್ಲಿ ಮಳೆಯು ಹಿಂದೆಗೆಯುತ್ತಿರುವ ಆ ದಿನಗಳಲ್ಲಿ ಅಲ್ಲಿ ಅದು ತನ್ನ ಪರಾಕಾಷ್ಠೆಯನ್ನು ಬಿಟ್ಟಿಳಿದಿರಲಿಲ್ಲ. ಸುವರ್ಣಭೂಮಿ ವಿಮಾನನಿಲ್ದಾಣದ ಅತಿಶೀತಲವಾದ ಮೊಗಸಾಲೆಗಳನ್ನು ದಾಟಿ ಹೊರಗೆ ಕಾಲಿಟ್ಟೊಡನೆಯೇ, ಆವಿಯಲ್ಲಿ ಅದ್ದಿ ತೆಗೆದಂಥ ಗಾಳಿ ಕನ್ನಡಕದ ಗಾಜನ್ನು ಮಸಕುಮಾಡಿ, ನಗರದ ಪ್ರಥಮ ದರ್ಶನವನ್ನು ಅರ್ಧ ನಿಮಿಷ ಮುಂದಕ್ಕೆ ತಳ್ಳಿತು. ಅಲ್ಲಿಂದ ಪೇಟೆಗೆ ಹೋಗುವ ರೈಲು ಕಂಬಗಳ ಮೇಲೆಯೇ ಸಾಗುತ್ತದೆ. ಕಿಟಕಿಯಿಂದ ಕೆಳಗೆ ನೋಡುತ್ತಿದ್ದರೆ ಬಾಳೆಯ ಹಿಂಡಿಲುಗಳೂ, ಕಪ್ಪು ನೀರಿನ ಕಾಲುವೆಗಳೂ, ಕಾಲುವೆಯ ಅಂಚಿನಲ್ಲಿ ಕಂಬಗಳ ಮೇಲೆ ನಿಂತ ತಗಡು ಮಾಡಿನ ಮರದ ಮನೆಗಳೂ ಒಂದರ ಹಿಂದೊಂದು ಸರಿದುಹೋಗಿ, ಅನಂತರ ಯಾವ ಪೀಠಿಕೆಯೂ ಇಲ್ಲದೆ ಗಾಜಿನ ಗೋಪುರಗಳ ಕಾಡು ಪ್ರಾರಂಭವಾಗುತ್ತದೆ. ಆ ಕಾಡಿನ ನಡುವೆ, ನದಿಯ ಸಮೀಪದಲ್ಲಿ, ಗಾಜೂ ಇಲ್ಲದ ಜನವೂ ಇಲ್ಲದ ಒಂದು ಉನ್ನತವಾದ ಕಾಂಕ್ರೀಟು ಅಸ್ಥಿಪಂಜರವನ್ನು ಮರುದಿನ ಕಂಡೆ. 1997ರ ಜುಲೈ ತಿಂಗಳಲ್ಲಿ ಥಾಯ್ ನಾಣ್ಯವಾದ ಬಾಟ್ ಕುಸಿದು ಏಷ್ಯಾದ ಅರ್ಧಭಾಗವನ್ನೇ ತನ್ನೊಡನೆ ಎಳೆದುಕೊಂಡು ಬಿದ್ದಾಗ, ಕಟ್ಟುತ್ತಿದ್ದವರು ಕೈಬಿಟ್ಟುಹೋದ ಭವ್ಯ ವಸತಿಗೃಹವಂತೆ ಅದು. ಅದನ್ನು ಕೆಡವುವ ಗೋಜಿಗೆ ಯಾರೂ ಹೋಗಿಲ್ಲ; ನಗರವು ಅದರ ಸುತ್ತಲೂ ಬೆಳೆಯುತ್ತಲೇ ಇದೆ.

ಬ್ಯಾಂಕಾಕಿನ ವಾಹನಸಂದಣಿಯ ವಿಷಯವನ್ನು ಕೇಳದವರು ವಿರಳ. ಬೆಂಗಳೂರಿನವನಾದ ನನಗೆ ಅದು ಹೊಸದಾಗಿ ಕಾಣಲಿಲ್ಲವೆಂದರೆ ಯಾರೂ ಆಶ್ಚರ್ಯಪಡರು. ಹೊಸದಾಗಿ ಕಂಡದ್ದು ಆ ಸಂದಣಿಯ ಮೌನ. ಆರು ಸಾಲುಗಳಲ್ಲಿ ವಾಹನಗಳು ನಿಶ್ಚಲವಾಗಿ ನಿಂತಿವೆ, ಕೂಡುರಸ್ತೆಯ ಕೆಂಪು ದೀಪ ಎಷ್ಟೋ ನಿಮಿಷಗಳಿಂದ ಬದಲಾಗಿಲ್ಲ, ಮೇಲಿನಿಂದ ಮಳೆ ಬೇರೆ ಸುರಿಯುತ್ತಿದೆ, ಆದರೂ ಹಾರ್ನಿನ ಒಂದು ಧ್ವನಿಯೂ ಏಳುವುದಿಲ್ಲ. ಇದನ್ನು ಬೌದ್ಧಧರ್ಮದ ಕ್ಷಮಾಗುಣವೆಂದು ವರ್ಣಿಸಿಬಿಡುವ ಆಸೆ ಬರೆಯುವವನಿಗೆ ಆಗುವುದು ಸಹಜ. ಆದರೆ ಅದೇ ನಗರದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬಾಡಿಗೆ ಮೋಟಾರುಸೈಕಲ್ಲಿನವರು ಪಾದಚಾರಿಗಳ ಹಾದಿಯ ಮೇಲೆಯೇ ನಿಸ್ಸಂಕೋಚವಾಗಿ ಸವಾರಿ ಮಾಡುವುದನ್ನೂ, ಹಾದಿಹೋಕರು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಡುವುದನ್ನೂ ನೋಡಿದ ಮೇಲೆ, ಇದು ಧರ್ಮಕ್ಕಿಂತ ಹೆಚ್ಚಾಗಿ ಒಂದು ಲೌಕಿಕವಾದ ಒಪ್ಪಂದವೆಂದೇ ನನಗೆ ತೋರಿತು. ಬಹಿರಂಗವಾಗಿ ಸಿಟ್ಟಿಗೇಳುವವನು ಅಲ್ಲಿ ಬೇರೇನನ್ನು ಕಳೆದುಕೊಳ್ಳದಿದ್ದರೂ ಮಾನವನ್ನು ಕಳೆದುಕೊಳ್ಳುತ್ತಾನೆ.

ಸಂದಣಿಯ ಕಾರಣ ನೆಲದ ಚರಿತ್ರೆಯಲ್ಲಿಯೇ ಅಡಗಿದೆ. 1767ರಲ್ಲಿ ಬರ್ಮೀಯರು ಹಿಂದಿನ ರಾಜಧಾನಿಯಾದ ಅಯುತ್ಥಯಾ ನಗರವನ್ನು ಸುಟ್ಟು ಹಾಳುಗೆಡವಿದ ಮೇಲೆ, ಅಳಿದುಳಿದ ಸಯಾಮಿನ ಜನ ಚಾವೊ ಫ್ರಾಯಾ ನದಿಯುದ್ದಕ್ಕೂ ಕೆಳಗಿಳಿದು ಬಂದು, ಮೊದಲು ಅದರ ಪಶ್ಚಿಮದ ದಡದ ಥೊನ್‌ಬುರಿಯಲ್ಲಿ, ಹದಿನೈದು ವರ್ಷಗಳ ತರುವಾಯ ಪೂರ್ವದ ದಡದಲ್ಲಿ ರಾಜಧಾನಿಯನ್ನು ಕಟ್ಟಿಕೊಂಡರು. ಮೆದುವಾದ ಜೇಡಿಮಣ್ಣಿನ, ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ ಆ ನೆಲದಲ್ಲಿ ರಸ್ತೆಗೆ ಅರ್ಥವಿರಲಿಲ್ಲ. ಖ್ಲೊಂಗ್ ಎಂದು ಕರೆಯುವ ಕಾಲುವೆಗಳೇ ಬೀದಿಗಳು, ದೋಣಿಗಳೇ ಗಾಡಿಗಳು. ಸಂತೆ ನೆರೆಯುತ್ತಿದ್ದುದೂ ನೀರಿನ ಮೇಲೆಯೇ. ಬ್ರಿಟಿಷರೊಡನೆ ಆದ 1855ರ ಬೌರಿಂಗ್ ಒಪ್ಪಂದದ ಬೆನ್ನಿಗೆ ವ್ಯಾಪಾರಕ್ಕೆಂದು ಬಂದು ನೆಲೆಸಿದ ಯೂರೋಪಿನವರು, ಕುದುರೆಯ ಮೇಲೆ ಅಡ್ಡಾಡಲು ದಾರಿಯಿಲ್ಲದೆ ತಮ್ಮ ಆರೋಗ್ಯ ಕೆಡುತ್ತಿದೆಯೆಂದು ಮೊಂಗ್‌ಕುಟ್ ಮಹಾರಾಜನಲ್ಲಿ ಮೊರೆಯಿಟ್ಟುದರ ಫಲವಾಗಿ, 1860ರ ದಶಕದ ಆದಿಯಲ್ಲಿ ಚರೋಯೆನ್ ಕ್ರುಂಗ್ ಎಂಬ ಮೊದಲ ಆಧುನಿಕ ರಸ್ತೆ ಹುಟ್ಟಿತು. ಅಲ್ಲಿಂದ ಮುಂದಿನ ನೂರು ವರ್ಷಗಳಲ್ಲಿ ಕಾಲುವೆಗಳನ್ನು ಒಂದೊಂದಾಗಿ ಮುಚ್ಚಿ ರಸ್ತೆ ಮಾಡಿದರು. ಕಾಲುವೆಗೆ ಅಡ್ಡಲಾಗಿ ಉದ್ದುದ್ದ ಪಟ್ಟಿಗಳಂತಿದ್ದ ಗದ್ದೆಗಳೂ ತೋಟಗಳೂ ಮನೆಯ ನಿವೇಶನಗಳಾದಾಗ, ಆ ಪಟ್ಟಿಗಳ ನಡುವಿನ ಓಣಿಗಳೇ ಇಂದಿನ ಸೋಯಿಗಳಾದವು. ಸೋಯಿ ಎಂಬುದು ಹೆದ್ದಾರಿಯಿಂದ ಕವಲೊಡೆದು ಒಳಹೊಕ್ಕು, ಬಹುಮಟ್ಟಿಗೆ ಎಲ್ಲಿಗೂ ಸೇರದೆ ಅಲ್ಲಿಯೇ ನಿಂತುಬಿಡುವ ಗಲ್ಲಿ. ಒಳಗಿದ್ದವರೆಲ್ಲರೂ ಹೊರಗೆ ಬರಬೇಕಾದರೆ ಅದೇ ಒಂದು ಬಾಯಿಯಿಂದ ಅದೇ ಒಂದು ಹೆದ್ದಾರಿಗೆ ಬೀಳಬೇಕು. ತೋಟದ ಬೇಲಿಯ ಗೆರೆಗಳು ಹೀಗೆ ಇಂದಿಗೂ ಕಾರುಗಳನ್ನು ತಡೆದು ನಿಲ್ಲಿಸುತ್ತಿವೆ. 1999ರಿಂದ ರೈಲು ಆಕಾಶಮಾರ್ಗವನ್ನು ಹಿಡಿದಿರುವುದೇನೂ ಅಲಂಕಾರಕ್ಕಲ್ಲ.

ಆದರೂ ಕೆಲವು ಕಾಲುವೆಗಳು ಉಳಿದುಕೊಂಡಿವೆ. ಅವುಗಳಲ್ಲಿ ಸ್ಯಾನ್ ಸ್ಯಾಪ್ ಎಂಬುದು ನಗರದ ಹೊಟ್ಟೆಯನ್ನು ಪೂರ್ವಪಶ್ಚಿಮವಾಗಿ ಸೀಳಿಕೊಂಡು ಹೋಗುತ್ತದೆ. ಕಾಂಬೋಡಿಯದ ಮೇಲಣ ಒಡೆತನಕ್ಕಾಗಿ ವಿಯೆಟ್ನಾಮಿನೊಡನೆ ಹೋರಾಡುತ್ತಿದ್ದ ಸಯಾಮಿನ ಅರಸ ಮೂರನೆಯ ರಾಮನು ಸೈನ್ಯವನ್ನೂ ದವಸವನ್ನೂ ಸಾಗಿಸಲೆಂದು 1837ರಿಂದ ಮೂರು ವರ್ಷಗಳ ಕಾಲ ಅಗೆಸಿದ ಕಾಲುವೆ ಅದು. ಈಗ ಅದರಲ್ಲಿ ಸಾಗುವ ಸೈನ್ಯವೆಂದರೆ ಕಚೇರಿಯ ಗುಮಾಸ್ತರು, ಶಾಲೆಯ ಹುಡುಗಿಯರು, ಮಾರುಕಟ್ಟೆಗೆ ಹೊರಟ ಗೃಹಿಣಿಯರು. ದೋಣಿ ದಕ್ಕೆಗೆ ತಾಗಿ ನಿಲ್ಲುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಅಂಚಿನ ಮೇಲೆ ಕಾಲಿಟ್ಟು, ತೂಗುಬಿದ್ದ ಹಗ್ಗವನ್ನು ಹಿಡಿದು, ಒಳಗಿನ ಹಲಗೆಯ ಮೇಲೆ ಇಳಿದುಬಿಡಬೇಕು. ಯಂತ್ರದ ಅಬ್ಬರದಿಂದ ಎದ್ದ ಅಲೆ ಕಾಲುವೆಯ ಗೋಡೆಗೆ ಬಡಿದು ಹಿಮ್ಮರಳಿ ಬರುವಾಗ, ಆ ನೀರಿನ ಬಣ್ಣವನ್ನೂ ವಾಸನೆಯನ್ನೂ ಬಲ್ಲವರು ಪಕ್ಕದಲ್ಲಿ ಕಟ್ಟಿರುವ ನೀಲಿ ತಾಡಪತ್ರಿಯನ್ನು ಹಗ್ಗದಿಂದ ಮೇಲಕ್ಕೆಳೆಯುತ್ತಾರೆ. ಅಂಚಿನಲ್ಲಿ ಕುಳಿತಿದ್ದ ನನಗೆ ಆ ಕರ್ತವ್ಯದ ಅರಿವಿರಲಿಲ್ಲ. ಎದುರಿನಿಂದ ಇನ್ನೊಂದು ದೋಣಿ ಬರುತ್ತಿರುವಾಗ ಹಿಂದಿನ ಸಾಲಿನ ಅಜ್ಜಿಯೊಬ್ಬಳು ನನ್ನ ಹೆಗಲನ್ನು ಮೆಲ್ಲನೆ ತಟ್ಟಿ, ಹಗ್ಗದ ಕಡೆಗೆ ಗಲ್ಲವನ್ನೆತ್ತಿ ತೋರಿಸಿದಳು. ಎಳೆದೆ. ನೀರು ತಾಡಪತ್ರಿಗೆ ಬಡಿದು ಜಾರಿತು. ಆಕೆ ತಲೆಯಾಡಿಸಿ ತನ್ನ ಮೊಬೈಲಿಗೆ ಹಿಂದಿರುಗಿದಳು. ಇತ್ತ ಶಿರಸ್ತ್ರಾಣ ಧರಿಸಿದ ನಿರ್ವಾಹಕಿ ದೋಣಿಯ ಹೊರಮೈಯ ಅಂಗೈಯಗಲದ ಅಂಚಿನ ಮೇಲೆ, ಓಡುತ್ತಿರುವ ದೋಣಿಯಲ್ಲಿ, ಅಡ್ಡಡ್ಡಲಾಗಿ ಹೆಜ್ಜೆಯಿಡುತ್ತ ಬಂದು, ತಾಡಪತ್ರಿಯ ಮೇಲಿನಿಂದ ಕೈ ನೀಡಿ ಕಾಸು ತೆಗೆದುಕೊಂಡು ಚೀಟಿ ಹರಿದುಕೊಟ್ಟಳು. ತಗ್ಗಾದ ಸೇತುವೆ ಎದುರಾದಾಗ ದೋಣಿಯ ಮಾಡೇ ಕೆಳಗಿಳಿಯಿತು. ಆಕೆಯೂ ಕುಗ್ಗಿದಳು, ಸೇತುವೆ ದಾಟಿತು, ಮತ್ತೆ ಎದ್ದಳು, ಚಿಲ್ಲರೆ ಕೊಟ್ಟಳು. ಆ ನಗರದಲ್ಲಿ ನಾನು ನೋಡಿದ ಅರಮನೆಗಳಾವುವೂ ನನ್ನಲ್ಲಿ ಇದರಷ್ಟು ವಿಸ್ಮಯವನ್ನು ಹುಟ್ಟಿಸಲಿಲ್ಲ.

ಅರಮನೆಯನ್ನು ಬಿಟ್ಟೇನೂ ಬರಲಿಲ್ಲ. ಮಹಾರಾಜಪ್ರಾಸಾದದ ಪ್ರಾಕಾರದೊಳಗೆ, ಮರಕತ ಬುದ್ಧನೆಂದು ಪ್ರಸಿದ್ಧವಾದ ಅರುವತ್ತಾರು ಸೆಂಟಿಮೀಟರ್ ಎತ್ತರದ ಹಸುರುಶಿಲೆಯ ವಿಗ್ರಹ ಉನ್ನತವಾದ ಸುವರ್ಣಪೀಠದ ಮೇಲೆ ಕುಳಿತಿದೆ. ಬೇಸಗೆ, ಮಳೆ, ಚಳಿ ಎಂಬ ಮೂರು ಋತುಗಳ ಸಂಧಿಯಲ್ಲಿ ಅದರ ಉಡುಪನ್ನು ಬದಲಿಸುವ ಅಧಿಕಾರ ಅರಸನದು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬುದ್ಧನಲ್ಲ, ಬಾಗಿಲು ಕಾಯುವವರು. ಆಳೆತ್ತರವನ್ನು ಎಷ್ಟೋ ಮೀರಿ ನಿಂತ ಜೋಡಿ ಜೋಡಿ ಯಕ್ಷರಲ್ಲಿ ಹಸುರು ಮೈಯ, ಮುಖದ ಮೇಲೆ ಮುಖವನ್ನು ಅಡುಕಿದ ಕಿರೀಟದ, ಗದೆಯೂರಿದ ಒಬ್ಬನು ಸಾಕ್ಷಾತ್ ದಶಕಂಠ. ರಾವಣನನ್ನು ದಹಿಸುವ ದಿನಗಳಲ್ಲಿ ಉತ್ತರ ಭಾರತದಲ್ಲಿ ಮೈದಾನಗಳು ಸಜ್ಜಾಗುತ್ತಿರುವಾಗ, ಇಲ್ಲಿ ಅವನು ಬುದ್ಧನ ದ್ವಾರಪಾಲಕನಾಗಿ ನೆಮ್ಮದಿಯಿಂದ ನಿಂತಿದ್ದಾನೆ. ಒಳಗಣ ಮೊಗಸಾಲೆಯ ಗೋಡೆಗಳ ಮೇಲೆ ನೂರ ಎಪ್ಪತ್ತೆಂಟು ಭಿತ್ತಿಗಳಲ್ಲಿ ರಾಮಕಿಯೆನ್ ಎಂಬ ಅವರ ರಾಮಕಥೆ ಪ್ರದಕ್ಷಿಣಾಕಾರವಾಗಿ ಸಾಗುತ್ತದೆ. ಮೊದಲನೆಯ ರಾಮನು 1797ರಲ್ಲಿ ಸಮಗ್ರವಾಗಿ ಪದ್ಯರೂಪಕ್ಕೆ ತರಿಸಿದ ಕಥೆ ಇದು. ಅರಸರನ್ನೆಲ್ಲ ರಾಮನೆಂದು ಸಂಖ್ಯೆಯಿಟ್ಟು ಕರೆಯುವ ರೂಢಿಯನ್ನು ಮಾತ್ರ ಅವನ ವಂಶದ ಆರನೆಯವನಾದ ವಜಿರಾವುಧನು ಹಾಕಿದ್ದು.

ಭಿತ್ತಿಗಳ ಮುಂದೆ ನಿಂತ ಭಾರತೀಯನ ಎದೆ ಒಂದಂಗುಲ ಉಬ್ಬುವುದನ್ನು ನಾನು ಅಲ್ಲಿಯೇ ಕಂಡೆ. ನಮ್ಮವರದೇ ಒಂದು ತಂಡ ಬಂದಿತ್ತು. "ನೋಡಿ, ಎಲ್ಲ ನಮ್ಮದೇ" ಎಂದು ಅದರ ಮುಖಂಡರು ಘೋಷಿಸಿದರು. ಈ ಭಾವ ಇಂದಿನದಲ್ಲ. ರವೀಂದ್ರನಾಥ ಠಾಕೂರರು 1927ರಲ್ಲಿ ಸಯಾಮನ್ನು ಸಂದರ್ಶಿಸಿದ ಆ ಕಾಲದಲ್ಲಿಯೇ ಕಲಕತ್ತೆಯ ವಿದ್ವಾಂಸರು ಈ ದೇಶಗಳನ್ನೆಲ್ಲ ಬೃಹದ್ಭಾರತವೆಂಬ ಒಂದೇ ಹೆಸರಿನೊಳಗೆ ಅಡಕಮಾಡಿದ್ದರು. ಆದರೆ ಗೋಡೆಯನ್ನು ಸಾವಧಾನವಾಗಿ ನೋಡುತ್ತ ಹೋದರೆ 'ನಮ್ಮದೇ' ಎಂಬ ಮಾತು ಭಿತ್ತಿಯಿಂದ ಭಿತ್ತಿಗೆ ದುರ್ಬಲವಾಗುತ್ತ ಹೋಗುತ್ತದೆ. ಸೇತುಬಂಧನದ ಭಾಗದಲ್ಲಿ ವಾನರರು ಹಾಕಿದ ಬಂಡೆಗಳನ್ನು ನೀರಿನೊಳಗಿನಿಂದ ಮೀನುಗಳು ಹೊತ್ತೊಯ್ಯುತ್ತಿವೆ. ಅವುಗಳ ಒಡತಿಯಾದ ಮತ್ಸ್ಯಕನ್ಯೆ ಸುವನ್ನಮಚ್ಛಾ ರಾವಣನ ಮಗಳು. ಬಿಳಿಯ ಮೈಯ ಹನುಮಂತ ಕಡಲಿಗೆ ಧುಮುಕಿ ಅವಳನ್ನು ಯುದ್ಧದಿಂದಲ್ಲ, ಪ್ರಣಯದಿಂದ ಗೆಲ್ಲುತ್ತಾನೆ, ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ನಮ್ಮ ಊರೂರ ಗುಡಿಗಳ ಬ್ರಹ್ಮಚಾರಿ ಪ್ರಾಣದೇವರನ್ನು ನೆನೆದು ಮುಖಂಡರು ಮುಂದಿನ ಭಿತ್ತಿಗೆ ಸರಸರನೆ ನಡೆದುಬಿಟ್ಟರು. ಸೀತೆಯಾದರೋ ಇಲ್ಲಿ ರಾವಣನದೇ ಸಂತಾನ. ಅಪಶಕುನಕ್ಕೆ ಬೆದರಿ ನೀರಿಗೆ ಬಿಟ್ಟ ಶಿಶು.

ಇಷ್ಟಕ್ಕೂ 'ನಮ್ಮದು' ಎಂಬುದನ್ನಾದರೂ ನಾವು ಪೂರ್ತಿಯಾಗಿ ಬಲ್ಲೆವೆ? ವಿಮಲಸೂರಿಯ ಪ್ರಾಕೃತ ಕಾವ್ಯದಿಂದ ಹರಿದುಬಂದ ಜೈನ ರಾಮಕಥಾಪರಂಪರೆಯಲ್ಲಿ ಹನುಮಂತ ಗೃಹಸ್ಥನೇ. ಆ ಪರಂಪರೆಯನ್ನೇ ಕನ್ನಡಕ್ಕೆ ತಂದ ನಾಗಚಂದ್ರನು ರಾವಣನನ್ನು ಕರುಣೆಗೆ ಪಾತ್ರನಾದ ಉದಾತ್ತನನ್ನಾಗಿ ಚಿತ್ರಿಸಿದುದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ನಮ್ಮ ಹಳ್ಳಿಯ ಹಾಡುಗಾರರ ರಾಮಾಯಣವೊಂದರಲ್ಲಿ ಮಾವಿನಹಣ್ಣು ತಿಂದು ಗರ್ಭ ಧರಿಸಿದ ರಾವಣನು ಸೀನಿದಾಗ ಸೀತೆ ಹುಟ್ಟುತ್ತಾಳೆ, ಎ.ಕೆ. ರಾಮಾನುಜನ್ ಅವರು ರಾಮಾಯಣಗಳ ವೈವಿಧ್ಯವನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಕನ್ನಡದ ಕಥೆಯನ್ನೂ ಥಾಯ್ ಕಥೆಯನ್ನೂ ಒಟ್ಟಿಗೆ ಚರ್ಚಿಸಿದ್ದಾರೆ. ಹೊಳೆಯು ಒಂದೇ ದಿಕ್ಕಿಗೆ ಹರಿಯಿತೆಂದೂ, ಮೂಲದಲ್ಲಿ ಕುಳಿತ ನಾವು ಅದರ ಯಜಮಾನರೆಂದೂ ಭಾವಿಸುವವರಿಗೆ ಆ ಮೊಗಸಾಲೆ ಅಷ್ಟೇನೂ ಸುಖಕರವಾದ ಸ್ಥಳವಲ್ಲ.

ಅರಮನೆಯಿಂದ ಸ್ವಲ್ಪ ದೂರ ನಡೆದರೆ, ವಾಹನಗಳು ಸುತ್ತುವರಿಯುವ ವೃತ್ತವೊಂದರ ನಡುವೆ, ಕೆಂಪು ಬಣ್ಣದ ಎರಡು ಬೃಹತ್ ಸ್ತಂಭಗಳು ಉಯ್ಯಾಲೆಯಿಲ್ಲದ ಉಯ್ಯಾಲೆಯ ಕಂಬಗಳಾಗಿ ನಿಂತಿವೆ. 1784ರಲ್ಲಿ ಮೊದಲು ಸ್ಥಾಪಿತವಾದ ಈ ಉಯ್ಯಾಲೆಯ ಹಳೆಯ ಸ್ತಂಭಗಳು ಶಿಥಿಲವಾದುದರಿಂದ 2007ರಲ್ಲಿ ಹೊಸ ತೇಗದ ಕಂಬಗಳನ್ನು ನಿಲ್ಲಿಸಿದ್ದಾರೆ. ಶಿವನು ಭೂಲೋಕಕ್ಕೆ ಇಳಿದುಬರುವ ಹಬ್ಬದಲ್ಲಿ ಉಯ್ಯಾಲೆಯ ಮೇಲೆ ನಿಂತವರು ಆಕಾಶದೆತ್ತರಕ್ಕೆ ಜೀಕಿ, ಗಳುವಿನ ತುದಿಗೆ ಕಟ್ಟಿದ ಹಣದ ಚೀಲವನ್ನು ಹಲ್ಲಿನಿಂದ ಕಚ್ಚಿ ತರುತ್ತಿದ್ದರು. ಆ ಸಾಹಸ 1935ರಲ್ಲಿ ನಿಂತುಹೋಯಿತು. ಉಯ್ಯಾಲೆ ನಿಂತರೂ ಅದರ ಎದುರಿನ ದೇವಸ್ಥಾನ ನಿಂತಿಲ್ಲ. ಶಿವ, ಗಣೇಶ, ವಿಷ್ಣು ಈ ಮೂವರ ಮೂರು ಸಣ್ಣ ಗುಡಿಗಳಲ್ಲಿ ಬಿಳಿಯ ವಸ್ತ್ರವುಟ್ಟು ಜುಟ್ಟು ಕಟ್ಟಿದ ರಾಜಪುರೋಹಿತರು ಇಂದಿಗೂ ಪೂಜೆ ನಡೆಸುತ್ತಾರೆ. ಮಾಣಿಕ್ಯವಾಚಕರ ತಿರುವೆಂಬಾವೈ, ಆಂಡಾಳಳ ತಿರುಪ್ಪಾವೈ ಎಂಬ ತಮಿಳು ಸ್ತೋತ್ರಗಳು ಅವರ ಉತ್ಸವದ ಹೆಸರಿನಲ್ಲಿಯೇ ಉಳಿದುಕೊಂಡಿವೆ. ಪುರೋಹಿತರ ಮುಖಲಕ್ಷಣ ಮಾತ್ರ ಸಂಪೂರ್ಣವಾಗಿ ಥಾಯ್. ಮೇ ತಿಂಗಳಲ್ಲಿ ಅರಮನೆಯ ಮುಂದಣ ಬಯಲಿನಲ್ಲಿ ಹೊನ್ನಾರು ಹೂಡುವ ರಾಜೋತ್ಸವ ನಡೆದಾಗ, ಎತ್ತುಗಳ ಮುಂದೆ ಏಳು ಬಗೆಯ ಆಹಾರವನ್ನಿಟ್ಟು, ಅವು ಯಾವುದಕ್ಕೆ ಬಾಯಿ ಹಾಕಿದವೆಂಬುದರಿಂದ ವರ್ಷದ ಫಲ ಹೇಳುವವರೂ ಇವರ ಪಂಗಡದವರೇ. ಆ ಫಲ ಮಾರನೆಯ ದಿನದ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ.

ಊಟದ ವಿಷಯ. ಸಸ್ಯಾಹಾರಿಯಾದವನು ಬ್ಯಾಂಕಾಕಿನಲ್ಲಿ ಹಸಿದಿರುವುದಕ್ಕೆ ಕಾರಣ ಮಾಂಸವಲ್ಲ, ಮೀನಿನ ರಸ. ಉಪ್ಪಿನ ಬದಲಿಗೆ ಅಲ್ಲಿ ಎಲ್ಲದಕ್ಕೂ ಅದನ್ನೇ ತೊಟ್ಟಿಕ್ಕಿಸುತ್ತಾರೆ. ನನ್ನ ಅದೃಷ್ಟವೋ ದೇವಿಯ ಅನುಗ್ರಹವೋ, ನಮ್ಮ ನವರಾತ್ರಿ ಮೊದಲಾಗುವ ಅಮಾವಾಸ್ಯೆಯ ಮರುದಿನವೇ ಆ ವರ್ಷ ಚೀನೀ ಮೂಲದ ಥಾಯ್ ಜನರ ಒಂಬತ್ತು ದಿನಗಳ ಸಸ್ಯಾಹಾರದ ವ್ರತವೂ ಮೊದಲಾಗಿತ್ತು. ಯಾವರತ್ ಎಂಬ ಚೀನೀಪೇಟೆಯ ಬೀದಿಯುದ್ದಕ್ಕೂ ಹಳದಿ ಬಾವುಟಗಳು, ಅವುಗಳ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂಬ ಬರಹ. ಆ ಬಾವುಟವಿರುವ ಕಡೆ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ನಮ್ಮ ಮಡಿಯ ಅಡುಗೆಮನೆಯ ಹಿರಿಯರಿಗೂ ಒಪ್ಪಿತವಾಗಬಹುದಾದ ಶುದ್ಧಿ. ಒಂದು ತಳ್ಳುಗಾಡಿಯ ಮುಂದೆ ನಿಂತು, ಮಧ್ಯವಯಸ್ಸಿನ ಹೆಂಗಸೊಬ್ಬಳು ಸೊಮ್ ತಮ್ ಎಂಬ ಕೋಸಂಬರಿ ಮಾಡುವುದನ್ನು ನೋಡಿದೆ. ಸಿಪ್ಪೆ ಹೆರೆದ ಪರಂಗಿಯ ಕಾಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕತ್ತಿಯಿಂದ ಅದರ ಮೈಯನ್ನು ಉದ್ದುದ್ದಕ್ಕೆ ಟಕಟಕನೆ ಕೊಚ್ಚಿ, ಅನಂತರ ಮೇಲಿನಿಂದ ಒಂದು ಸಲ ಸವರಿದಳು. ಎಳೆ ಎಳೆಯಾಗಿ ಕಾಯಿ ಆಳವಾದ ಮಣ್ಣಿನ ಒರಳೊಳಗೆ ಬಿದ್ದಿತು. ಹಸಿಮೆಣಸಿನಕಾಯಿ, ಬೆಲ್ಲ, ನಿಂಬೆಯ ರಸ, ಹುರಿದ ಕಡಲೆಕಾಯಿ, ಸೋಯಾ ರಸ. ಮರದ ಕುಟ್ಟಾಣಿಯಿಂದ ಜಜ್ಜುವುದು ಒಂದು ಕೈಯ ಕೆಲಸ, ಚಮಚೆಯಿಂದ ಬುಡದ್ದನ್ನು ಮೇಲಕ್ಕೆ ಮಗುಚುವುದು ಇನ್ನೊಂದು ಕೈಯ ಕೆಲಸ. "ಖಾರ?" ಎಂದು ಬೆರಳುಗಳನ್ನೆತ್ತಿ ಕೇಳಿದಳು. ಆಂಧ್ರದ ಗಡಿಯ ಊರಿನಲ್ಲಿ ಬೆಳೆದ ಧೈರ್ಯದಿಂದ ಮೂರು ಬೆರಳು ತೋರಿಸಿದೆ. ಕಣ್ಣಿನಲ್ಲಿ ನೀರು ಬಂದರೂ ಬಟ್ಟಲು ಖಾಲಿಯಾಯಿತು. ಪರಂಗಿಯೂ ಮೆಣಸಿನಕಾಯಿಯೂ ಅಮೆರಿಕಾ ಖಂಡದವು. ಅವಳೂ ನಾನೂ ಅವನ್ನು ನಮ್ಮ ಪೂರ್ವಜರ ಆಸ್ತಿಯೆಂದೇ ತಿಳಿದು ತಿನ್ನುತ್ತ ಬಂದಿದ್ದೇವೆ.

ಸಂಜೆ ಆರು ಗಂಟೆಗೆ ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಮೊಳಗುತ್ತದೆ. ರೈಲು ಹಿಡಿಯಲು ಮೆಟ್ಟಲೇರುತ್ತಿದ್ದವರು ಮೆಟ್ಟಲಿನ ಮೇಲೆಯೇ ನಿಂತರು, ನಾನೂ ನಿಂತೆ. ಗೀತೆ ಮುಗಿದೊಡನೆ ಎಲ್ಲರೂ ಮೊದಲಿನ ಅವಸರಕ್ಕೆ ಮರಳಿದರು. ಬೆಳಗ್ಗೆ ಎಂಟಕ್ಕೂ ಹೀಗೆಯೇ ಆಗುತ್ತದೆ.

ವಿಜಯದಶಮಿಯ ದಿನ ಮೈಸೂರಿನಲ್ಲಿ ಜಂಬೂಸವಾರಿ ಹೊರಡುವ ಹೊತ್ತು ಮುಗಿದು ಕತ್ತಲಾದ ಮೇಲೆ ನಾನು ಸೀಲೊಮ್ ರಸ್ತೆಯಲ್ಲಿದ್ದೆ. ಹಗಲಿನಲ್ಲಿ ಬ್ಯಾಂಕುಗಳೂ ವಿಮೆಯ ಕಂಪನಿಗಳೂ ಆಳುವ ಬೀದಿ ಅದು. ಅದರ ಮಗ್ಗುಲಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ವಲಸೆ ಹೋದ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯಿದೆ. ಗೋಪುರದ ಮೇಲಣ ಬಣ್ಣದ ಬೊಂಬೆಗಳು ಮಧುರೆಯ ಕಡೆಯ ಕೈಕೆಲಸವನ್ನು ನೆನಪಿಗೆ ತರುತ್ತವೆ. ಅಂದು ರಾತ್ರಿ ದೇವಿಯ ಮೆರವಣಿಗೆ. ವಾಹನಗಳನ್ನು ನಿಷೇಧಿಸಿದ ರಸ್ತೆಯ ಎರಡೂ ಬದಿಗಳಲ್ಲಿ ಮನೆಮನೆಯವರು ತಮ್ಮ ತಮ್ಮ ವಿಗ್ರಹಗಳನ್ನು ತಂದು ಮಂಟಪ ಕಟ್ಟಿದ್ದರು. ಗಣಪತಿಗಳು, ಲಕ್ಷ್ಮಿಯರು, ಹುಲಿಯೇರಿದ ದುರ್ಗೆಯರು. ಮುಂದೆ ಚೆಂಡುಹೂವಿನ ಹಾಸು, ತೆಂಗಿನಕಾಯಿಯ ರಾಶಿ, ಅರಿಸಿನ ಕುಂಕುಮ, ಸಾಲುದೀಪ. ಇಷ್ಟೆಲ್ಲವನ್ನೂ ಮಾಡಿ ಮಂಟಪದ ಮುಂದೆ ನೆಲದ ಮೇಲೆ ಗಂಟೆಗಟ್ಟಲೆ ಕುಳಿತು ಕಾಯುತ್ತಿದ್ದವರಲ್ಲಿ ಭಾರತೀಯರು ನೂರಕ್ಕೆ ಐವರಾದರೂ ಇದ್ದರೆಂದು ಹೇಳಲಾರೆ. ಥಾಯ್ ಹುಡುಗಿಯರು ಸೀರೆಯುಟ್ಟು ನೆರಿಗೆಯನ್ನು ಪಿನ್ನುಗಳಿಂದ ಭದ್ರಪಡಿಸಿಕೊಂಡಿದ್ದರು. ಚೀನೀ ಮುಖದ ಮುದುಕನೊಬ್ಬ ಬಿಳಿಯ ಪಂಚೆಯುಟ್ಟು, ಹಣೆಯ ತುಂಬ ವಿಭೂತಿ ಬಳಿದು, ಕಣ್ಣುಮುಚ್ಚಿ ಏನನ್ನೋ ಪಠಿಸು‌ತ್ತಿದ್ದ. ಹತ್ತಿರ ಹೋಗಿ ಕಿವಿಗೊಟ್ಟೆ, ಸ್ವರದ ಏರಿಳಿತವೊಂದನ್ನು ಬಿಟ್ಟು ನನಗೆ ಗುರುತು ಸಿಕ್ಕಿದ್ದು "ಓಂ" ಮಾತ್ರ.

ರಥ ಬಂದಾಗ ನಾದಸ್ವರದ ಧ್ವನಿ ಮೊದಲು ಬಂತು. ಜನ ಒಬ್ಬರನ್ನೊಬ್ಬರು ತಳ್ಳಲಿಲ್ಲ. ಮುಂದೆ ಕುಳಿತವರು ಕುಳಿತೇ ಇದ್ದರು, ಹಿಂದಿನವರು ನಿಂತರು, ಮಂಟಪಗಳಿಂದ ಕೈಗಳು ಹೂವನ್ನು ಎಸೆದವು, ತೆಂಗಿನಕಾಯಿಗಳು ಒಂದೇ ಸಮನೆ ಒಡೆದು ರಸ್ತೆ ಕಾಯಿಯ ನೀರಿನಿಂದ ತೊಯ್ದುಹೋಯಿತು. ನನ್ನ ಪಕ್ಕದಲ್ಲಿದ್ದ ತರುಣನೊಬ್ಬ, ನನ್ನ ಮುಖವನ್ನು ನೋಡಿ ಇವನು ಭಾರತದವನೇ ಇರಬೇಕೆಂದು ಊಹಿಸಿಯೂ, ಹರಕು ಇಂಗ್ಲಿಷಿನಲ್ಲಿ ಅತ್ಯಂತ ಸೌಜನ್ಯದಿಂದ ನನಗೆ ದೇವಿಗೆ ಕೈಮುಗಿಯುವ ಕ್ರಮವನ್ನು ವಿವರಿಸತೊಡಗಿದ. ಕೈಗಳನ್ನು ಹಣೆಯವರೆಗೆ ಎತ್ತಬೇಕು, ಹೆಬ್ಬೆರಳುಗಳ ತುದಿ ಹುಬ್ಬಿನ ನಡುವೆ ಬರಬೇಕು, ಸುಮ್ಮನೆ ಎದೆಯ ಮುಂದೆ ಹಿಡಿದರೆ ಸಾಲದು, ಅದು ಮನುಷ್ಯರಿಗೆ. ನಾನು ಅವನು ಹೇಳಿದಂತೆಯೇ ಮಾಡಿದೆ. ಅವನು ತೃಪ್ತನಾದ. ಅವನ ದೇವಿಗೆ ನಾನು ಅತಿಥಿ. ಆ ರಾತ್ರಿ ಅದರಲ್ಲಿ ನನಗೆ ಕಿಂಚಿತ್ತೂ ಅಸಂಗತವೆನ್ನಿಸಲಿಲ್ಲ.

ಹೊರಡುವ ಮುನ್ನ ಫಾಹುರತ್ ಪೇಟೆಗೆ ಹೋದೆ. ಗುರುದ್ವಾರದ ಚಿನ್ನದ ಗುಂಬಜದ ಸುತ್ತ ಹಬ್ಬಿಕೊಂಡ ಬಟ್ಟೆಯಂಗಡಿಗಳ ಓಣಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಬಟ್ಟೆಯ ಥಾನುಗಳಿಗೆ ಒರಗಿ ನಿಲ್ಲಬೇಕು. ರೇಷ್ಮೆಯ ತುಂಡೊಂದನ್ನು ಅಳೆದು ಕೊಡುತ್ತಿದ್ದ ವಯೋವೃದ್ಧ ಸರ್ದಾರರೊಡನೆ ನನ್ನ ತೊದಲು ಹಿಂದಿಯಲ್ಲಿ ಮಾತಿಗಿಳಿದು, "ತಮ್ಮ ಊರು ಯಾವುದು?" ಎಂದು ವಿಚಾರಿಸಿದೆ. ಅವರು ಗಜಕಡ್ಡಿಯಿಂದ ನದಿಯ ದಿಕ್ಕನ್ನು ತೋರಿಸಿ, "ಥೊನ್‌ಬುರಿ. ದೋಣಿಯಲ್ಲಿ ದಾಟಿದರೆ ಐದು ನಿಮಿಷ" ಎಂದರು. ಅವರ ತಂದೆ ಹುಟ್ಟಿದ್ದೂ ಅಲ್ಲಿಯೇ ಅಂತೆ. ಬಟ್ಟೆಯನ್ನು ಕತ್ತರಿಸಿ, ಮಡಿಸಿ, ಕಾಗದದಲ್ಲಿ ಸುತ್ತುತ್ತ, "ತಾವು?" ಎಂದರು. ಬೆಂಗಳೂರು ಎಂದೆ. ಸುತ್ತುತ್ತಿದ್ದ ಕೈ ನಿಂತಿತು. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ನಿಜವಾದ ಕನಿಕರದಿಂದ, "ಅಯ್ಯೋ ಪಾಪ, ಅಲ್ಲಿ ಟ್ರಾಫಿಕ್ ಬಹಳ ಕಷ್ಟವಂತಲ್ಲ?" ಎಂದು ಕೇಳಿ, ಬೆಲೆಯಲ್ಲಿ ಇಪ್ಪತ್ತು ಬಾಟ್ ಕಡಿಮೆ ಮಾಡಿದರು.